ನುಂಗಂಬಾಕ್ಕಂನಲ್ಲಿ ನುಂಗದ ಕೂಸು

ಉಣ್ಣದ ಮಗುವಿಗೆ ಉಣ್ಣಿಸುವುದಕ್ಕೆ ನಮ್ಮ ಜನರ ಹತ್ತಿರ ಐದು ಉಪಾಯಗಳಿವೆ. ಒಂದು, ಕಾಲ ಮೇಲೆ ಮಲಗಿಸಿಕೊಂಡು ಒಳಲೆಯಲ್ಲಿ ಹುಯ್ಯುವುದು. ಎರಡು, ಎಲ್ಲವನ್ನೂ ಮಿಕ್ಸಿಗೆ ಹಾಕಿ ನೀರು ಮಾಡುವುದು. ಮೂರು, ಮೊಬೈಲು ತೋರಿಸಿ ಬಾಯಿ ತೆರೆಸುವುದು. ನಾಲ್ಕು, ಅಂಗಡಿಯ ಡಬ್ಬಿ. ಐದನೆಯದು ಊರು ಬಿಟ್ಟು ಬಂದವರಿಗೆ ಮಾತ್ರ ಸಿಗುವ ಸ್ಪೆಷಲ್ ಸಲಹೆ: "ಮಗೂನ ಊರಿಗೆ ಕಳಿಸ್ಬಿಡು, ಎಲ್ಲಾ ಸರಿಹೋಗುತ್ತೆ." ನೋಡುವುದಕ್ಕೆ ಐದೂ ಬೇರೆ ಬೇರೆ. ಕೂತು ಯೋಚಿಸಿದರೆ ಐದರ ಕೆಲಸವೂ ಒಂದೇ, ದೊಡ್ಡವರ ಹೊತ್ತು ಉಳಿಸುವುದು. ಮಗುವಿಗೆ ಬೇಕಾಗಿರುವುದೋ ಅದೇ ಹೊತ್ತು! ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಕೊಡುತ್ತೇವೆ ಅನ್ನುವುದೇ ನನ್ನ ತಕರಾರು.

ಈ ತಕರಾರು ಎಲ್ಲಿಂದ ಹುಟ್ಟಿತು ಅಂತ ಹೇಳಿಬಿಡುತ್ತೇನೆ. ನನ್ನ ತವರು ತಿಪಟೂರಿನ ಕಡೆ. ಈಗಿನ ಮನೆ ಚೆನ್ನೈನ ನುಂಗಂಬಾಕ್ಕಂನಲ್ಲಿ, ಸ್ಟರ್ಲಿಂಗ್ ರೋಡಿನಿಂದ ಒಳಗೆ ಹೋಗುವ ಒಂದು ಗಲ್ಲಿಯಲ್ಲಿ, ಎರಡನೇ ಮಹಡಿ. ಮಗಳಿಗೆ ಆರು ತಿಂಗಳು ತುಂಬಿದಾಗ ರಾಗಿ ಸರಿ ಶುರು ಮಾಡಿದೆ. ಮೊದಲ ಚಮಚ ಉಗಿದಳು. ಎರಡನೆಯದಕ್ಕೆ ಓಕರಿಸಿದಳು. ಮೂರನೆಯದಕ್ಕೆ ಬಾಯಿಗೆ ಬೀಗ. ಹೀಗೇ ಎರಡು ತಿಂಗಳು. "ನುಂಗಂಬಾಕ್ಕಂ ಅನ್ನೋ ಊರಲ್ಲಿದ್ಕೊಂಡು ಒಂದು ತುತ್ತು ನುಂಗಲ್ಲ ಅಂತಾಳಲ್ಲೇ" ಅಂತ ಅಮ್ಮ ಫೋನಿನಲ್ಲಿ ನಗುತ್ತಿದ್ದಳು. ನಗುವಿನೊಳಗೆ ಹೆದರಿಕೆಯೂ ಇತ್ತು. ಬೆಳಿಗ್ಗೆ ಹತ್ತಕ್ಕೆ ಅಮ್ಮನ ಫೋನು, ಸಂಜೆ ಐದಕ್ಕೆ ಅತ್ತೆಯ ಫೋನು. ಇಬ್ಬರದೂ ಒಂದೇ ಪ್ರಶ್ನೆ: "ಎಷ್ಟು ತಿಂದ್ಲು?" ಮೆಟ್ಟಿಲಲ್ಲಿ ಸಿಗುವ ಕೆಳಗಿನ ಮನೆ ಪಾಟ್ಟಿಯದೂ ಅದೇ: "ಪಾಪ್ಪಾ ಸಾಪ್ಟುಚ್ಚಾ?" ಮಗು ಉಂಡಿತೋ ಇಲ್ಲವೋ ಅನ್ನುವುದು ಹೋಗಿ, ತಾಯಿ ಪಾಸೋ ಫೇಲೋ ಅನ್ನುವ ಪರೀಕ್ಷೆ ಆಗಿಬಿಟ್ಟಿತ್ತು.

ಫೇಲಾಗಿದ್ದಕ್ಕೆ ಕಾರಣಗಳೂ ರೆಡಿ ಇದ್ದವು. ಮದ್ರಾಸಿನ ನೀರು ಆಗಲ್ಲ. ಸೆಕೆಗೆ ಹಸಿವು ಸತ್ತಿದೆ. ಅಲ್ಲಿನ ರಾಗಿ ನಮ್ಮ ರಾಗಿಯಂತಲ್ಲ. ದೃಷ್ಟಿಯಾಗಿದೆ. ಒಟ್ಟಿನಲ್ಲಿ ಊರು ಬಿಟ್ಟದ್ದೇ ಅಪರಾಧ. ಅಲ್ಲ ಸ್ವಾಮಿ, ರಾಗಿ ಏನು ನಮ್ಮಪ್ಪನ ಆಸ್ತಿಯೇ? ಇಲ್ಲಿ ಅದಕ್ಕೆ ಕೇಳ್ವರಗು ಅಂತಾರೆ. ಕೃಷ್ಣಗಿರಿ, ಧರ್ಮಪುರಿಯ ಹೊಲಗಳಲ್ಲಿ ಬೆಳೆಯುತ್ತಾರೆ. ಆಡಿ ಮಾಸ ಬಂತೆಂದರೆ ಚೆನ್ನೈನ ಮಾರಿಯಮ್ಮನ ಗುಡಿಗಳ ಮುಂದೆ ಕೂಳ್ ಅನ್ನುವ ರಾಗಿ ಅಂಬಲಿಯನ್ನು ಹಂಡೆಗಟ್ಟಲೆ ಕಾಯಿಸಿ ಬಂದವರಿಗೆಲ್ಲ ಹುಯ್ಯುತ್ತಾರೆ. ನಮ್ಮ ಒಳಲೆಯೂ ಇಲ್ಲಿದೆ, ಹೆಸರು ಪಾಲಾಡೈ, ಇಲ್ಲವೇ ಸಂಗು. ತಿಪಟೂರಿನಿಂದ ಚೆನ್ನೈಗೆ ಬಂದರೆ ಕಾಳಿನ ಹೆಸರು ಬದಲಾಗುತ್ತದೆ, ಪಾತ್ರೆಯ ಹೆಸರು ಬದಲಾಗುತ್ತದೆ. ಮಗುವಿನ ಗಂಟಲು ಎಲ್ಲಿದ್ದರೂ ಗಂಟಲೇ.

ಆ ಗಂಟಲಿನ ಕಥೆ ಸ್ವಲ್ಪ ಕೇಳಿ. ಎಳೆಗೂಸಿನ ನಾಲಿಗೆಗೆ ಹಾಲಲ್ಲದ್ದು ಏನು ತಾಗಿದರೂ ಅದು ಹೊರಕ್ಕೆ ದೂಡುತ್ತದೆ. ಉಸಿರು ಕಟ್ಟದಿರಲಿ ಅಂತ ಇರುವ ಕಾವಲು ಅದು. ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳೊಳಗೆ ಸಡಿಲಾಗುತ್ತದೆ, ಕೆಲವು ಮಕ್ಕಳಲ್ಲಿ ನಿಧಾನ. ಓಕರಿಕೆಯೂ ಹಾಗೇ. ದೊಡ್ಡವರಿಗೆ ನಾಲಿಗೆಯ ಬುಡ ಮುಟ್ಟಿದರೆ ಬರುವ ಓಕರಿಕೆ ಕೂಸುಗಳಿಗೆ ಅದಕ್ಕಿಂತ ಮುಂದೆಯೇ ಬಂದುಬಿಡುತ್ತದೆ. ಅಂದರೆ ಉಗಿಯುವ ಮಗು ಹಟ ಮಾಡುತ್ತಿದೆ ಅಂತ ತಿಳಿಯಬೇಕಾಗಿಲ್ಲ, ಅದು ನುಂಗುವ ವಿದ್ಯೆ ಕಲಿಯುತ್ತಿದೆ. ಹೊಸ ರುಚಿಯೊಂದು ಒಗ್ಗಬೇಕಾದರೆ ಎಂಟು ಹತ್ತು ಸಲ, ಒಮ್ಮೊಮ್ಮೆ ಇನ್ನೂ ಹೆಚ್ಚು ಸಲ ಅದನ್ನು ಮುಂದಿಡಬೇಕು. ನಾವು ಮೂರನೇ ಸಲಕ್ಕೇ "ಇವಳಿಗೆ ಬೇಳೆ ಸೇರಲ್ಲ" ಅಂತ ತೀರ್ಪು ಕೊಟ್ಟು ಎದ್ದುಬಿಡುತ್ತೇವೆ.

ಇನ್ನು ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಎದೆಹಾಲು ಕುಡಿಯುವ 6ರಿಂದ 8 ತಿಂಗಳ ಮಗುವಿಗೆ ಮೇಲಿನ ಊಟದಿಂದ ಬೇಕಾಗುವುದು ದಿನಕ್ಕೆ ಸುಮಾರು 200 ಕ್ಯಾಲೊರಿ. 9ರಿಂದ 11 ತಿಂಗಳಿಗೆ 300, ವರ್ಷ ತುಂಬಿದ ಮೇಲೆ 550. ಶುರುವಿನಲ್ಲಿ ಒಂದು ಹೊತ್ತಿಗೆ ಎರಡು ಮೂರು ಚಮಚ, ದಿನಕ್ಕೆ ಎರಡು ಮೂರು ಹೊತ್ತು, ನಿಧಾನವಾಗಿ ಅರ್ಧ ಬಟ್ಟಲು. ಏಳು ತಿಂಗಳ ಮಗುವಿನ ಊಟದ ದೊಡ್ಡ ಪಾಲು ಇನ್ನೂ ಹಾಲೇ. "ಅಯ್ಯೋ, ಎರಡೇ ಚಮಚವಾ?" ಅಂತ ಎದೆ ಮೇಲೆ ಕೈ ಇಡುವವರು ಈ ಲೆಕ್ಕ ನೋಡಿದವರಲ್ಲ.

ಈಗ ಆ ಐದು ಉಪಾಯಗಳಿಗೆ ಬರೋಣ. ಒಳಲೆಯ ಮೇಲೆ ನನಗೆ ಕೋಪವಿಲ್ಲ. ಚೀಪಲಾರದ ಕಡಿಮೆ ತೂಕದ ಕೂಸುಗಳಿಗೆ ಆಸ್ಪತ್ರೆಗಳಲ್ಲಿ ಅದರಲ್ಲೇ ಹಾಲು ಕುಡಿಸುತ್ತಾರೆ. ತಲೆ ಎತ್ತಿ ಹಿಡಿದು, ಒಂದಿಷ್ಟು ನುಂಗಿದ ಮೇಲೆ ಇನ್ನೊಂದಿಷ್ಟು. ನನ್ನ ಜಗಳ ಇರುವುದು ಮಗುವನ್ನು ಅಂಗಾತ ಮಲಗಿಸಿ, ಕೈಕಾಲು ಅದುಮಿ, ಅಳುತ್ತಿರುವ ಬಾಯಿಗೆ ಸುರಿಯುವುದರ ಮೇಲೆ. ಅಳುವ ಮಗು ಉಸಿರನ್ನು ಜೋರಾಗಿ ಎಳೆದುಕೊಳ್ಳುತ್ತದೆ. ಹೊಟ್ಟೆಗೆ ಹೋಗಬೇಕಾದದ್ದು ಶ್ವಾಸಕೋಶಕ್ಕೆ ಹೋದರೆ ಆಮೇಲೆ ಯಾವ ರಾಗಿಯೂ ಕಾಪಾಡಲ್ಲ. ಉಳಿದುಕೊಂಡರೂ ಆ ಮಗುವಿಗೆ ಊಟ ಅಂದರೆ ಮೈಮೇಲೆ ಬರುವ ಸಂಗತಿ ಅಂತ ಪಾಠವಾಗುತ್ತದೆ. ಅತ್ತೆ ಊರಿಂದ ಬೆಳ್ಳಿ ಒಳಲೆ ತಂದು ಕಾಲು ಚಾಚಿ ಕೂತಾಗ, "ಅತ್ತೆ, ಇದೊಂದು ಮಾತ್ರ ಬೇಡ" ಅಂದೆ. "ನಿನ್ನ ಗಂಡನ್ನ ಹಾಗೇ ಸಾಕಿದ್ದು ಕಣಮ್ಮ, ಸತ್ತು ಹೋದ್ನಾ?" ಅಂದರು. ಬದುಕಿ ಉಳಿದವರ ಮನೆಯಲ್ಲಿ ಮಾತ್ರ ಕೇಳಬಹುದಾದ ಪ್ರಶ್ನೆ ಇದು. ಉಳಿಯದ ಮಕ್ಕಳ ಪರವಾಗಿ ಮಾತಾಡುವವರು ಯಾರು? ಎರಡು ದಿನ ಮನೆಯಲ್ಲಿ ಮಾತಿರಲಿಲ್ಲ. ಇರದಿದ್ದರೆ ಬೇಡ ಅಂತ ನಾನೂ ಸುಮ್ಮನಿದ್ದೆ.

ಮಿಕ್ಸಿಯದು ಮೆತ್ತಗಿನ ಮೋಸ. ನುಣ್ಣಗೆ ಮಾಡಿ ಕೊಟ್ಟರೆ ಬೇಗ ಇಳಿಯುತ್ತದೆ, ನಿಜ. ಆದರೆ ಒಂಬತ್ತು ಹತ್ತು ತಿಂಗಳ ಹೊತ್ತಿಗೆ ತರಿತರಿಯಾದದ್ದು ಬಾಯಿಗೆ ಅಭ್ಯಾಸವಾಗದಿದ್ದರೆ ಮುಂದೆ ಅಗಿಯುವುದಕ್ಕೇ ತಕರಾರು ಶುರುವಾಗುತ್ತದೆ. ಕೈಯಲ್ಲಿ ಹಿಸುಕಿದ ಅನ್ನ ಬೇಳೆ ಸಾಕು, ಅದಕ್ಕೆ ಕರೆಂಟು ಬೇಡ. ಇನ್ನು ಮೊಬೈಲು. ವರ್ಷದೊಳಗಿನ ಮಕ್ಕಳಿಗೆ ಪರದೆಯೇ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಚಂದಮಾಮನನ್ನು ತೋರಿಸುತ್ತಿರಲಿಲ್ವಾ ಅಂತ ಕೇಳಬಹುದು. ಚಂದಮಾಮನನ್ನು ತೋರಿಸುವವಳು ಮಗುವಿನ ಮುಖ ನೋಡುತ್ತಾ ಮಾತಾಡುತ್ತಿದ್ದಳು. ಮೊಬೈಲು ಹಿಡಿದ ಮಗುವಿನ ಎದುರು ಯಾರೂ ಇರಬೇಕಾಗಿಲ್ಲ, ತನ್ನ ಹೊಟ್ಟೆ ತುಂಬಿದ್ದು ಅದಕ್ಕೂ ಗೊತ್ತಾಗಲ್ಲ.

ಡಬ್ಬಿಯ ವಿಷಯ ಕೇಳಿದರೆ ಮೈ ಉರಿಯುತ್ತದೆ. 1992ರ ಕಾಯ್ದೆ, ಅದಕ್ಕೆ 2003ರಲ್ಲಿ ಬಂದ ತಿದ್ದುಪಡಿ, ಎರಡು ವರ್ಷದೊಳಗಿನ ಮಕ್ಕಳ ಆಹಾರಕ್ಕೆ ಜಾಹೀರಾತೇ ಕೂಡದು ಅನ್ನುತ್ತವೆ. ಜಾಹೀರಾತು ಬೇಕಾಗಿಯೂ ಇಲ್ಲ ಬಿಡಿ, ಆ ಕೆಲಸವನ್ನು ನೆಂಟರಿಷ್ಟರೇ ಮಾಡುತ್ತಾರೆ: "ಅದಾದ್ರೆ ಗಟಗಟ ತಿಂತಾವೆ." ಯಾಕೆ ತಿಂತಾವೆ? 2024ರ ಏಪ್ರಿಲ್‌ನಲ್ಲಿ ಸ್ವಿಟ್ಜರ್ಲೆಂಡಿನ ಪಬ್ಲಿಕ್ ಐ ಸಂಸ್ಥೆ ಪರೀಕ್ಷೆ ಮಾಡಿಸಿ ಹೇಳಿತು: ನೆಸ್ಲೆ ಭಾರತದಲ್ಲಿ ಮಾರುತ್ತಿದ್ದ ಸೆರೆಲ್ಯಾಕ್‌ನಲ್ಲಿ ಒಂದು ಸಲದ ಊಟಕ್ಕೆ ಸರಾಸರಿ ಸುಮಾರು 3 ಗ್ರಾಂ ಸೇರಿಸಿದ ಸಕ್ಕರೆ ಇತ್ತು. ಸ್ವಿಟ್ಜರ್ಲೆಂಡಿನಲ್ಲಿ ಅದೇ ಕಂಪನಿ ಅಂಥ ಆಹಾರವನ್ನು ಸಕ್ಕರೆ ಸೇರಿಸದೆ ಮಾರುತ್ತಿತ್ತು. ಗಲಾಟೆ ಆದ ಮೇಲೆ ಅದೇ ವರ್ಷ ಇಲ್ಲಿಯೂ ಸಂಸ್ಕರಿಸಿದ ಸಕ್ಕರೆಯಿಲ್ಲದ ಬಗೆಗಳನ್ನು ತರುವುದಾಗಿ ಪ್ರಕಟಿಸಿದರು. ಸರಿ, ಸಂತೋಷ. ಆದರೆ ಅಷ್ಟು ವರ್ಷ ನಮ್ಮ ಮಕ್ಕಳು ಗಟಗಟ ತಿಂದದ್ದು ಪೌಷ್ಟಿಕತೆಯನ್ನೋ, ಸಿಹಿಯನ್ನೋ?

ಕೊನೆಯದು, ಊರಿಗೆ ಕಳಿಸುವುದು. ಬೇರೆ ದಾರಿಯೇ ಇಲ್ಲದೆ ಮಗುವನ್ನು ಅಜ್ಜಿಯ ಹತ್ತಿರ ಬಿಟ್ಟು, ತಿಂಗಳಿಗೊಮ್ಮೆ ರೈಲು ಹತ್ತಿ ನೋಡಿಬರುವ ಎಷ್ಟೋ ಜನ ಈ ಊರಿನಲ್ಲಿದ್ದಾರೆ. ಅವರನ್ನು ನಾನು ಬೈಯುತ್ತಿಲ್ಲ. ಅದನ್ನು ಔಷಧಿ ಅಂತ ಬರೆದುಕೊಡುವವರನ್ನು ಕೇಳುತ್ತಿದ್ದೇನೆ. ಏಳೆಂಟು ತಿಂಗಳ ಮಗುವಿಗೆ ದಿನಕ್ಕೆ ಬೇಕಾದ ಸುಮಾರು 600 ಕ್ಯಾಲೊರಿಯಲ್ಲಿ 400ರಷ್ಟು ಎದೆಹಾಲಿನಿಂದ ಬರುತ್ತಿರುತ್ತದೆ. ಮಿಕ್ಕ 200ಕ್ಕಾಗಿ ಆ 400ನ್ನು ಚೆನ್ನೈನಲ್ಲಿ ಬಿಟ್ಟು ಹೋಗು ಅನ್ನುವುದು ಯಾವ ಸೀಮೆ ಲೆಕ್ಕ ಕಣ್ರೀ?

ಊರಿನ ಅಜ್ಜಿಯರ ಕೈಯಲ್ಲಿ ಮಕ್ಕಳು ಉಣ್ಣುತ್ತಿದ್ದದ್ದು ಸುಳ್ಳಲ್ಲ. ಆದರೆ ಗುಟ್ಟು ಎಲ್ಲಿತ್ತು? ರಾಗಿಯನ್ನು ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹುರಿದು, ಬೀಸಿ, ಬಟ್ಟೆಯಲ್ಲಿ ಜಾಲಿಸಿದ ಹಿಟ್ಟು ಅದು. ಮೊಳಕೆ ಬಂದಾಗ ಕಾಳಿನ ಪಿಷ್ಟವನ್ನು ಒಡೆಯುವ ಕಿಣ್ವ ಹುಟ್ಟುತ್ತದೆ. ಹಾಗಾಗಿ ಸರಿ ಅಂಟಂಟಾಗಿ ಗಟ್ಟಿಯಾಗುವುದಿಲ್ಲ, ಅಷ್ಟೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಹಿಡಿಸುತ್ತದೆ. ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ ಮಲ್ಲೇಶಿ ಮತ್ತು ದೇಶಿಕಾಚಾರ್ ಅವರು ಇದೇ ಸೂತ್ರದ ಮೇಲೆ ಮೊಳಕೆ ರಾಗಿ, ಹೆಸರುಕಾಳಿನ ಮಕ್ಕಳ ಆಹಾರ ರೂಪಿಸಿ 1982ರಲ್ಲಿ ಪ್ರಕಟಿಸಿದರು. ಈ ಹಿಟ್ಟಿಗೆ ಎಷ್ಟು ದಿನ ಬೇಕು? ಮೂರು ನಾಲ್ಕು ದಿನ. ಉಣ್ಣಿಸುವುದಕ್ಕೆ? ಜಗಲಿಯ ಮೇಲೆ ಕಾಗೆ, ಕರು ತೋರಿಸುತ್ತಾ ಒಂದು ಗಂಟೆ. ಬೇಡ ಅಂದರೆ ಇಳಿಸಿ, ಆಮೇಲೆ ಮತ್ತೆ. ಅಜ್ಜಿಯ ಹತ್ತಿರ ಇದ್ದ ಮಂತ್ರ ಹೊತ್ತು. ಅದು ಅಜ್ಜಿಗೆ ಸಿಗುತ್ತಿದ್ದದ್ದು ಮನೆಯಲ್ಲಿ ಇನ್ನೂ ನಾಲ್ಕು ಜೊತೆ ಕೈಗಳು ಇದ್ದದ್ದರಿಂದ.

ಪರಊರಿನಲ್ಲಿ ಇಲ್ಲದಿರುವುದು ಆ ಕೈಗಳು, ಆ ಹೊತ್ತು. 2017ರಲ್ಲಿ ಹೆರಿಗೆ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿದರು. ಒಳ್ಳೆಯದೇ. 26 ವಾರ ಅಂದರೆ ಆರು ತಿಂಗಳು, ಅಂದರೆ ಸರಿಯಾಗಿ ಮೊದಲ ಚಮಚದ ದಿನ! ಹೆರಿಗೆಗೆ ಮುಂಚೆ 8 ವಾರ ತೆಗೆದುಕೊಂಡಿದ್ದರೆ ಆಮೇಲೆ ಉಳಿಯುವುದು 18 ವಾರ, ಅನ್ನಪ್ರಾಶನಕ್ಕೂ ಮುಂಚೆ ಆಫೀಸು. ತಮಿಳುನಾಡು ಸರ್ಕಾರ ತನ್ನ ಮಹಿಳಾ ನೌಕರರಿಗೆ 2021ರ ಜುಲೈನಿಂದ 12 ತಿಂಗಳ ರಜೆ ಕೊಟ್ಟಿತು. ಅಂದರೆ ಎಷ್ಟು ಬೇಕು ಅನ್ನುವುದು ಸರ್ಕಾರಕ್ಕೆ ಗೊತ್ತಿದೆ. ಅದೇ ಬೀದಿಯ ಖಾಸಗಿ ಕಂಪನಿಯ ಹೆಂಗಸಿನ ಮಗು ಮಾತ್ರ ಅರ್ಧ ಹೊತ್ತಿನಲ್ಲಿ ಕಲಿಯಬೇಕು. ಐವತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಕೂಸಿನ ಮನೆ ಇರಬೇಕು ಅಂತ ಅದೇ 2017ರ ತಿದ್ದುಪಡಿ ಹೇಳಿತು. ನಿಮ್ಮ ಆಫೀಸಿನಲ್ಲಿ ನೀವು ಅದನ್ನು ನೋಡಿದ್ದೀರಾ? ಅಪ್ಪಂದಿರ ಮಾತು ಕೇಳಲೇಬೇಡಿ. ಕೇಂದ್ರ ಸರ್ಕಾರದ ನೌಕರನಾದರೆ 15 ದಿನ, ಖಾಸಗಿಯವನಾದರೆ ಕಂಪನಿ ಕೊಟ್ಟಷ್ಟು. ಇದನ್ನೆಲ್ಲ ಕೇಳಬೇಕಾದ ಕಡೆ ಕೇಳದೆ ನಾವು ಏಳು ತಿಂಗಳ ಕೂಸಿನ ಮೂಗು ಹಿಡಿಯುತ್ತೇವೆ.

ಹಾಗಂತ ಎಲ್ಲದಕ್ಕೂ ಕಾಯುತ್ತಾ ಕೂರಿ ಅಂತಲೂ ನಾನು ಹೇಳುವುದಿಲ್ಲ. ತೂಕ ಏರದೆ ನಿಂತರೆ ಅಥವಾ ಇಳಿದರೆ, ಪ್ರತಿ ಊಟಕ್ಕೂ ಕೆಮ್ಮಿ ಉಸಿರು ಕಟ್ಟಿದರೆ, ವಾಂತಿ ನಿಲ್ಲದಿದ್ದರೆ, ಮಗು ಬಿಳಿಚಿಕೊಂಡು ಸಪ್ಪಗಾದರೆ ಅದೇ ದಿನ ಮಕ್ಕಳ ಡಾಕ್ಟರ ಹತ್ತಿರ ಹೋಗಿ. ಆರು ತಿಂಗಳ ಮೇಲೆ ಹಾಲಿನ ಕಬ್ಬಿಣಾಂಶ ಸಾಲುವುದಿಲ್ಲ, ರಾಗಿಯೊಂದರಿಂದಲೂ ತುಂಬುವುದಿಲ್ಲ. ಬೇಳೆ, ಸೊಪ್ಪು, ತಿನ್ನುವವರಾದರೆ ಮೊಟ್ಟೆ, ಮೀನು ಎಲ್ಲ ಸೇರಬೇಕು. ನನ್ನ ಮಗಳ ತೂಕ ನಿಧಾನವಾಗಿ ಏರುತ್ತಿತ್ತು, ಚಾರ್ಟಿನ ಗೆರೆ ಬಿಟ್ಟು ಇಳಿಯಲಿಲ್ಲ. ಒಂಬತ್ತೂವರೆ ತಿಂಗಳಲ್ಲಿ ನನ್ನ ತಟ್ಟೆಯ ಇಡ್ಲಿಗೆ ತಾನೇ ಕೈ ಹಾಕಿದಳು. ಏನು, ಯಾವಾಗ ಅನ್ನುವುದು ದೊಡ್ಡವರ ತೀರ್ಮಾನ. ಎಷ್ಟು ಅನ್ನುವುದು ಮಗುವಿನದು. ಆ ಹಕ್ಕು ಅದಕ್ಕೆ ಸಿಕ್ಕಿತ್ತು, ಅಷ್ಟೇ.

ಆದ್ದರಿಂದ ಊರಿನ ಅಮ್ಮಂದಿರೇ, ಅತ್ತೆಯರೇ, ಮಾವಂದಿರೇ, ನಿಮ್ಮಲ್ಲೊಂದು ಅರಿಕೆ. ಫೋನಿನಲ್ಲಿ "ಎಷ್ಟು ತಿಂದ್ಲು?" ಅಂತ ಕೇಳುವುದನ್ನು ನಿಲ್ಲಿಸಿ. "ನೀನು ಉಂಡ್ಯಾ?" ಅಂತ ಕೇಳಿ. ಬರುವಾಗ ರಾಗಿ ಹಿಟ್ಟು ತರುವುದಾದರೆ ತನ್ನಿ, ಬೇಡ ಅನ್ನಲ್ಲ. ಆದರೆ ಬಂದವರು ಎರಡೇ ದಿನಕ್ಕೆ ಹೊರಡಬೇಡಿ. ಹದಿನೈದು ದಿನ ಇರಿ. ಮಗು ಉಗಿದರೆ ಒರೆಸಿ, ನಗಿ, ಅರ್ಧ ಗಂಟೆ ಬಿಟ್ಟು ಮತ್ತೆ ಚಮಚ ಎತ್ತಿ. ಮಾವಂದಿರಿಗೂ ಎರಡು ಕೈಗಳಿವೆ ಅನ್ನುವುದನ್ನು ಯಾರಾದರೂ ಅವರಿಗೆ ನೆನಪಿಸಿ.