ಕಿರು ಮೋಡೆಮ್: ವೇಗಕ್ಕಿಂತ ವ್ಯಾಪ್ತಿ ಮುಖ್ಯ

2011ರಲ್ಲಿ ನಾನು ಮಲೆನಾಡಿನ ಜಿಲ್ಲೆಯೊಂದರಲ್ಲಿ ಸೇವೆಯಲ್ಲಿದ್ದೆ. ಸರ್ಕಾರಿ ಕಾಮಗಾರಿಗಳ ಟೆಂಡರುಗಳು ಆ ವೇಳೆಗೆ ಇ-ಪ್ರೊಕ್ಯೂರ್‌ಮೆಂಟ್ ಪದ್ಧತಿಗೆ ಬಂದಿದ್ದವು. ಒಂದು ದಿನ ಬೆಳಿಗ್ಗೆ ಹೋಬಳಿ ಕೇಂದ್ರದ ಸಣ್ಣ ಗುತ್ತಿಗೆದಾರರೊಬ್ಬರು ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ನನ್ನ ಕೊಠಡಿಗೆ ಬಂದರು. ಬಿಡ್ ಸಲ್ಲಿಸುವ ಅವಧಿ ಹಿಂದಿನ ದಿನ ಸಂಜೆ ನಾಲ್ಕಕ್ಕೆ ಮುಗಿದಿತ್ತು. ‘ಫೈಲು ಅರ್ಧ ಅಪ್‌ಲೋಡ್ ಆಗಿತ್ತು ಸಾರ್, ಅಷ್ಟರಲ್ಲಿ ಡೇಟಾ ಕಾರ್ಡ್ ಕೈಕೊಟ್ಟಿತು’ ಎಂದರು. ಅವರ ಮಾತಿನ ಸತ್ಯದ ಬಗ್ಗೆ ನನಗೆ ಸಂಶಯವಿರಲಿಲ್ಲ. ಆದರೆ ಒಬ್ಬರಿಗಾಗಿ ಸಡಿಲಿಸಿದ ನಿಯಮ ಮತ್ತೊಬ್ಬರಿಗೆ ಅನ್ಯಾಯವಾಗುತ್ತದೆ. ಅವರನ್ನು ಬರಿಗೈಯಲ್ಲಿ ಕಳುಹಿಸಿದೆ. ಆ ನಿರ್ಧಾರ ಸರಿಯೆಂದೇ ಇಂದಿಗೂ ನಂಬಿದ್ದೇನೆ. ಅವರ ಮುಖವನ್ನು ಮಾತ್ರ ಮರೆತಿಲ್ಲ.

ಅವರು ಮಾಡಿದ ತಪ್ಪಾದರೂ ಏನು? ಬೆಂಗಳೂರಿನ ಅಂಗಡಿಯೊಂದರಲ್ಲಿ ಪೆಟ್ಟಿಗೆಯ ಮೇಲಿನ ಅಂಕಿಯನ್ನು ನಂಬಿದ್ದು. ಅಂದಿನ ಸಿಡಿಎಂಎ ಡೇಟಾ ಕಾರ್ಡುಗಳು ಸೆಕೆಂಡಿಗೆ 3.1 ಮೆಗಾಬಿಟ್ ವೇಗವನ್ನು ಸಾರುತ್ತಿದ್ದವು. ಅದು ತಾಂತ್ರಿಕವಾಗಿ ಸಾಧ್ಯವಾದ ಗರಿಷ್ಠ ವೇಗ. ಅದೂ ಇವಿಡಿಒ ತಂತ್ರಜ್ಞಾನ ಅಳವಡಿಸಿದ ನಗರಗಳಲ್ಲಿ ಮಾತ್ರ. ಅದಿಲ್ಲದ ಊರಿನಲ್ಲಿ ಅದೇ ಕಾರ್ಡು ಸೆಕೆಂಡಿಗೆ 150 ಕಿಲೋಬಿಟ್ಟಿನ ಆಸುಪಾಸಿನ ಹಳೆಯ ಜಾಲಕ್ಕೆ ಇಳಿಯುತ್ತಿತ್ತು. ಅವರು ಹಣ ತೆತ್ತದ್ದು ರಾಜಧಾನಿಯ ವೇಗಕ್ಕೆ, ದುಡಿಯುತ್ತಿದ್ದದ್ದು ಹೋಬಳಿಯ ಜಾಲದಲ್ಲಿ.

ನನ್ನ ಮೇಜಿನ ಸೆಳೆಖಾನೆಯಲ್ಲೂ ಇಂಥ ಮೂರು ನಿರ್ಜೀವ ಸಾಧನಗಳಿವೆ. ಅವುಗಳಲ್ಲಿ ಒಂದೂ ಕೆಟ್ಟಿಲ್ಲ. ಅವುಗಳ ಜಾಲವೇ ಇಲ್ಲವಾಗಿದೆ. ಕಳೆದ ದಶಕದ ಕೊನೆಯ ಹೊತ್ತಿಗೆ ದೇಶದ ಸಿಡಿಎಂಎ ಸೇವೆಗಳು ಒಂದೊಂದಾಗಿ ಮುಚ್ಚಿದವು. 3ಜಿ ಕೂಡ ಬಹುಮಟ್ಟಿಗೆ ಅದೇ ಹಾದಿ ಹಿಡಿಯಿತು. 2011ರ ಜನವರಿ 20ರಂದು ಮೊಬೈಲ್ ಸಂಖ್ಯೆಯನ್ನು ಉಳಿಸಿಕೊಂಡೇ ಕಂಪೆನಿ ಬದಲಿಸುವ ಹಕ್ಕು ದೇಶದಾದ್ಯಂತ ಜಾರಿಗೆ ಬಂದಾಗ ನಾವೆಲ್ಲ ಹರ್ಷಿಸಿದ್ದೆವು. ಆದರೆ ಒಂದೇ ಕಂಪೆನಿಯ ಸಿಮ್ಮಿಗೆ ಬೀಗ ಹಾಕಿದ ಮೋಡೆಮ್ ಕೈಯಲ್ಲಿದ್ದರೆ ಆ ಹಕ್ಕಿನಿಂದ ಏನು ಪ್ರಯೋಜನ? ಸಾಧನವನ್ನು ಅಗ್ಗವಾಗಿ ಕೊಟ್ಟು ಸೇವೆಯಲ್ಲಿ ಲಾಭ ತೆಗೆಯುವುದು ವ್ಯಾಪಾರದ ಹಳೆಯ ಉಪಾಯ. ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ಪಠ್ಯದ ಉದಾಹರಣೆ, ಗ್ರಾಹಕನಿಗೆ ಪ್ರತಿ ತಿಂಗಳ ಬಿಲ್ಲು.

ಮೊಬೈಲ್ ಫೋನಿನ ಹಾಟ್‌ಸ್ಪಾಟ್ ಇರುವಾಗ ಈ ಕಿರು ಮೋಡೆಮ್ ಏಕೆ ಬೇಕು ಎಂದು ಕೇಳುವವರಿದ್ದಾರೆ. ಅಪರೂಪಕ್ಕೊಮ್ಮೆ ಮಿಂಚಂಚೆ ನೋಡುವವರಿಗೆ ಖಂಡಿತ ಬೇಡ. ಆದರೆ ಊರೂರು ತಿರುಗಿ ದಿನವಿಡೀ ಲ್ಯಾಪ್‌ಟಾಪಿನಲ್ಲಿ ದುಡಿಯುವ ಲೆಕ್ಕಪರಿಶೋಧಕರು, ಮಾರಾಟ ಪ್ರತಿನಿಧಿಗಳು, ಗುತ್ತಿಗೆದಾರರಿಗೆ ಫೋನಿನ ಬ್ಯಾಟರಿ ಮಧ್ಯಾಹ್ನದ ಹೊತ್ತಿಗೇ ಬರಿದಾಗುವುದು ಸಣ್ಣ ತೊಂದರೆಯಲ್ಲ. ಅಂಥವರು ಮೋಡೆಮ್ ಆರಿಸುವ ಮುನ್ನ ಜಾಲವನ್ನು ಆರಿಸಬೇಕು. ಟ್ರಾಯ್‌ನ 2024ರ ನಿಯಮಗಳ ಪ್ರಕಾರ ಕಂಪೆನಿಗಳು ತಮ್ಮ ವ್ಯಾಪ್ತಿಯ ನಕ್ಷೆಗಳನ್ನು ಜಾಲತಾಣದಲ್ಲಿ ಪ್ರಕಟಿಸಬೇಕು. ಅವನ್ನು ನೋಡಿದ ಮೇಲೂ, ಎರವಲು ಫೋನಿನಲ್ಲಿ ಪ್ರಿಪೇಯ್ಡ್ ಸಿಮ್ ಹಾಕಿ, ತಾವು ನಿಜವಾಗಿ ಕೆಲಸ ಮಾಡುವ ಸ್ಥಳಗಳಲ್ಲಿ, ಕೆಲಸದ ವೇಳೆಯಲ್ಲೇ ಪರೀಕ್ಷಿಸುವುದು ಲೇಸು. ಡೌನ್‌ಲೋಡಿನಷ್ಟೇ ಅಪ್‌ಲೋಡನ್ನೂ ಗಮನಿಸಬೇಕು. ಬಿಡ್ಡು, ರಿಟರ್ನು ಇತ್ಯಾದಿಗಳೆಲ್ಲ ಹೋಗುವುದು ಆ ದಾರಿಯಲ್ಲೇ.

ಎರಡನೆಯದು ತರಂಗಾಂತರ. 700, 850, 900 ಮೆಗಾಹರ್ಟ್ಸ್‌ನಂಥ ಕೆಳಮಟ್ಟದ ತರಂಗಗಳು ದೂರ ಸಾಗುತ್ತವೆ, ಗೋಡೆಗಳನ್ನು ಹೆಚ್ಚು ಸುಲಭವಾಗಿ ದಾಟುತ್ತವೆ. 2300 ಮೆಗಾಹರ್ಟ್ಸ್‌ನಂಥವು ಹೆಚ್ಚು ದತ್ತಾಂಶವನ್ನು ಹೊರಬಲ್ಲವು, ಆದರೆ ಹೆಚ್ಚು ದೂರ ಹೋಗಲಾರವು. ಬೇರೆ ದೇಶದ ಮಾರುಕಟ್ಟೆಗಾಗಿ ತಯಾರಾದ ಮೋಡೆಮ್‌ನಲ್ಲಿ ನಮ್ಮ ಕಂಪೆನಿಗಳು ಬಳಸುವ ಕೆಲವು ಬ್ಯಾಂಡುಗಳೇ ಇರದಿರಬಹುದು. ಆದ್ದರಿಂದ ‘4ಜಿ’ ಎಂಬ ಅಕ್ಷರವನ್ನಷ್ಟೇ ನೋಡದೆ ಬ್ಯಾಂಡುಗಳ ಪಟ್ಟಿಯನ್ನು ಕೇಳಿ ಪಡೆಯಬೇಕು. ಯಾವ ಕಂಪೆನಿಯ ಸಿಮ್ಮನ್ನೂ ಸ್ವೀಕರಿಸುವ ಸಾಧನವನ್ನೇ, ತುಸು ದುಬಾರಿಯಾದರೂ, ಕೊಳ್ಳಬೇಕು.

ಯುಎಸ್‌ಬಿ ಮೋಡೆಮ್ ಲ್ಯಾಪ್‌ಟಾಪಿನ ವಿದ್ಯುತ್ತನ್ನೇ ಬಳಸಿಕೊಳ್ಳುತ್ತದೆ, ಬಿಸಿಯೂ ಆಗುತ್ತದೆ. ಬ್ಯಾಟರಿಯಿರುವ ಪಾಕೆಟ್ ರೂಟರ್ ಹಲವರಿಗೆ ಒದಗುತ್ತದೆ, ಆದರೆ ಅದನ್ನೂ ಚಾರ್ಜ್ ಮಾಡಬೇಕು. ಗಿಡ್ಡನೆಯ ಯುಎಸ್‌ಬಿ ತಂತಿಯೊಂದಿದ್ದರೆ ಮೋಡೆಮನ್ನು ಕಿಟಕಿಯ ಬಳಿ ಇರಿಸಬಹುದು. ಎಷ್ಟೋ ಸಲ ಅಷ್ಟರಿಂದಲೇ ಸಿಗ್ನಲ್ ಸುಧಾರಿಸುತ್ತದೆ. ವೈ-ಫೈ ಇರುವ ಮೋಡೆಮ್‌ನಲ್ಲಿ ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಬೇಕು. ಬೇರೊಂದು ಕಂಪೆನಿಯ ಸಿಮ್ ಚೀಲದಲ್ಲಿರಲಿ. ಅದರ ಖರ್ಚನ್ನು, ಸಂಪರ್ಕ ಕಡಿದುಹೋದ ಒಂದು ಗಂಟೆಯ ನಷ್ಟದೊಂದಿಗೆ ಹೋಲಿಸಿ ನೋಡಬೇಕು.

ಆದರೂ ಎಲ್ಲ ಹೊಣೆಯನ್ನೂ ಗ್ರಾಹಕನ ಹೆಗಲಿಗೇ ಹೊರಿಸುವುದು ನ್ಯಾಯವಲ್ಲ. ಮಾರುವವನಿಗೆ ತಿಳಿದಿರುವುದು ಕೊಳ್ಳುವವನಿಗೆ ತಿಳಿಯದಿದ್ದಾಗ ಒಳ್ಳೆಯ ಸರಕೇ ಮಾರುಕಟ್ಟೆಯಿಂದ ಹಿಂದೆ ಸರಿಯಬಹುದೆಂದು ಜಾರ್ಜ್ ಅಕರ್ಲಾಫ್ 1970ರಲ್ಲೇ ತೋರಿಸಿಕೊಟ್ಟರು. ಫ್ರಿಜ್ಜು, ಏರ್ ಕಂಡೀಷನರುಗಳು ಎಷ್ಟು ವಿದ್ಯುತ್ ಬಳಸುತ್ತವೆ ಎಂಬುದನ್ನು ಇಂದು ನಕ್ಷತ್ರಗಳ ಚೀಟಿ ಹೇಳುತ್ತದೆ. ಮೋಡೆಮ್‌ನ ಪೆಟ್ಟಿಗೆಯ ಮೇಲೂ ಅಂಥದ್ದೊಂದು ಚೀಟಿ ಕಡ್ಡಾಯವಾಗಲಿ: ಯಾವ ಬ್ಯಾಂಡುಗಳು, ಕಂಪೆನಿಯ ಬೀಗ ಉಂಟೋ ಇಲ್ಲವೋ, ಸಾರಿದ ವೇಗ ಗರಿಷ್ಠವೋ ಸರಾಸರಿಯೋ ಎಂಬುದು ಕನ್ನಡದಲ್ಲಿ, ಓದಬಹುದಾದ ಅಕ್ಷರಗಳಲ್ಲಿ ಇರಲಿ. ಸರ್ಕಾರ ತನ್ನ ಟೆಂಡರು, ತೆರಿಗೆ, ಅರ್ಜಿಗಳನ್ನೆಲ್ಲ ಅಂತರಜಾಲಕ್ಕೆ ಒಯ್ದ ಮೇಲೆ ಆ ಬಾಗಿಲವರೆಗಿನ ದಾರಿ ಹೇಗಿದೆಯೆಂದು ಪ್ರಜೆಗೆ ತಿಳಿಸುವ ಹೊಣೆಯೂ ಅದರದ್ದೇ. ಅಂದು ನಾಲ್ಕು ಗಂಟೆಯ ನಿಯಮವನ್ನು ನಾನು ಪಾಲಿಸಿದೆ. ಆ ಗುತ್ತಿಗೆದಾರರಿಗೆ ಪೆಟ್ಟಿಗೆಯ ಮೇಲೆ ಸತ್ಯ ಹೇಳುವ ನಿಯಮವೊಂದೂ ಇದ್ದಿದ್ದರೆ, ಅವರು ನನ್ನ ಕೊಠಡಿಗೆ ಬರುವ ಅಗತ್ಯವೇ ಬೀಳುತ್ತಿರಲಿಲ್ಲ.