ಪದ ವಿಚಾರ: ‘ಸಿಕ್‌ಲಿ’

ಅನಾರೋಗ್ಯವನ್ನು ಸೂಚಿಸುವ ಗುಣವಾಚಕಗಳು ಇಂಗ್ಲಿಷಿನಲ್ಲಿ ಹಲವಾರು. ‘ಸಿಕ್’, ‘ಇಲ್’, ‘ಅನ್‌ವೆಲ್’ ಎಂಬ ಪದಗಳು ಶಾಲೆಗೆ ರಜೆಯ ಅರ್ಜಿ ಬರೆಯುವ ನಮ್ಮ ಮಕ್ಕಳಿಗೂ ಪರಿಚಿತವಾದುವು. ಇವುಗಳ ಒಡನಾಡಿಯಂತೆ ತೋರಿದರೂ ಅರ್ಥದಲ್ಲಿ ಬಹಳ ದೂರ ನಿಲ್ಲುವ ‘ಸಿಕ್‌ಲಿ’ ಎಂಬ ಪದವನ್ನು ಈ ತಿಂಗಳು ವಿಚಾರಿಸೋಣ.

ಮೊದಲು ಬಳಕೆಯ ಮಾತು. ‘ಸ್ಲೋಲಿ’ ಎಂದರೆ ನಿಧಾನವಾಗಿ. ಆದ್ದರಿಂದ ‘ಸಿಕ್‌ಲಿ’ ಎಂದರೆ ಕಾಯಿಲೆಯಿಂದ ಎಂದಿರಬೇಕೆಂದು ವಿದ್ಯಾರ್ಥಿಗಳು ಊಹಿಸುವುದುಂಟು. ಅದು ಸರಿಯಲ್ಲ. ‘ಫ್ರೆಂಡ್ಲಿ’ ಎಂಬಂತೆ ಇದೂ ಸಾಮಾನ್ಯವಾಗಿ ನಾಮಪದಕ್ಕೆ ಹತ್ತಿ ಬರುವ ಗುಣವಾಚಕ. ‘ಸಿಕ್‌ಲಿ ಚೈಲ್ಡ್’ ಎಂದರೆ ಪದೇ ಪದೇ ಕಾಯಿಲೆ ಬೀಳುವ ಮಗು. ಸೊರಗಿದ ಗಿಡ, ಕಳೆಗುಂದಿದ ಬಣ್ಣ, ಓಕರಿಕೆ ತರುವಷ್ಟು ಸಿಹಿಯಾದ ವಾಸನೆ ಇವುಗಳಿಗೂ ಈ ಪದ ಸಲ್ಲುತ್ತದೆ.

ಮೂರು ದಿನ ಜ್ವರದಿಂದ ಮಲಗಿದವನು ‘ಸಿಕ್’. ಜ್ವರ ಇಳಿದೊಡನೆ ಆ ಪದವೂ ಅವನನ್ನು ಬಿಟ್ಟು ಹೋಗುತ್ತದೆ. ‘ಸಿಕ್‌ಲಿ’ ಹಾಗಲ್ಲ, ಅದು ಇಂದಿನ ಸ್ಥಿತಿಯನ್ನಲ್ಲ, ಮೈಯ ಸ್ವಭಾವವನ್ನೇ ಹೇಳುತ್ತದೆ. ಕನ್ನಡದಲ್ಲಿ ‘ರೋಗಿ’ ಮತ್ತು ‘ರೋಗಿಷ್ಠ’ ಪದಗಳ ನಡುವಣ ಅಂತರವೂ ಇಂಥದೇ. ‘ಬಲಿಷ್ಠ’, ‘ಕನಿಷ್ಠ’ ಪದಗಳ ಕೊನೆಯಲ್ಲಿರುವ ಒತ್ತೇ ‘ರೋಗಿಷ್ಠ’ದಲ್ಲಿಯೂ ಕೇಳಿಬರುತ್ತದೆ.

ನಮ್ಮ ಮನೆಗಳಲ್ಲಿ ಈ ಪದ ಎಷ್ಟು ಸಲೀಸಾಗಿ ಹೊರಬೀಳುತ್ತದೆ! ಆಗಾಗ ಕೆಮ್ಮುವ ಹುಡುಗ ರೋಗಿಷ್ಠ. ಬೇಗ ದಣಿಯುವ ಸೊಸೆ ರೋಗಿಷ್ಠೆ. ಈ ಮಾತು ನೆರೆಮನೆಗೆ ದಾಟಿದರೆ ಹೆಣ್ಣುಮಗಳೊಬ್ಬಳ ಮದುವೆಯ ಮಾತುಕತೆಯೇ ಮುರಿದುಬೀಳಬಹುದು. ಅದಕ್ಕೆ ಅಂಜಿ ಹೆತ್ತವರು ಔಷಧಿಯನ್ನೇ ಬಚ್ಚಿಡುವುದೂ ಉಂಟು. ಸ್ವಭಾವವೆಂದು ತೀರ್ಮಾನಿಸಿದ ಮೇಲೆ ಕಾರಣವನ್ನು ಹುಡುಕುವವರಾದರೂ ಯಾರು?

ಕಾರಣವಂತೂ ಅನೇಕ ವೇಳೆ ಇದ್ದೇ ಇರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇಕಡ 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಬಸವಳಿಕೆ, ತಲೆಸುತ್ತು, ಮೆಟ್ಟಿಲೇರಿದರೆ ಏದುಸಿರು ಇದರ ಲಕ್ಷಣಗಳು. ರಕ್ತಪರೀಕ್ಷೆಯಿಂದ ಇದನ್ನು ಕಂಡುಹಿಡಿಯಬಹುದು. ಕಬ್ಬಿಣಾಂಶದ ಕೊರತೆಯೇ ಕಾರಣವಾಗಿದ್ದರೆ ಮಾತ್ರೆಯಿಂದಲೂ ಸೊಪ್ಪು, ಕಾಳುಗಳ ಆಹಾರದಿಂದಲೂ ಸುಧಾರಣೆ ಸಾಧ್ಯ. ಸೋಮಾರಿಯೆಂದೋ ರೋಗಿಷ್ಠೆಯೆಂದೋ ಮನೆಮಂದಿ ಹೆಸರಿಟ್ಟ ಸೊಸೆಗೆ ಬೇಕಾದದ್ದು ಅಷ್ಟೇ ಆಗಿರಬಹುದು.

ಅಮೆರಿಕದ ಥಿಯೋಡರ್ ರೂಸ್‌ವೆಲ್ಟ್ ಅವರ ಬಾಲ್ಯವನ್ನು ವರ್ಣಿಸುವವರು ‘ಸಿಕ್‌ಲಿ’ ಪದವನ್ನು ತಪ್ಪದೆ ಬಳಸುತ್ತಾರೆ. 1858ರಲ್ಲಿ ಜನಿಸಿದ ಅವರು ಎಳವೆಯಲ್ಲಿ ಉಬ್ಬಸದಿಂದ ಬಳಲಿದರು. ತಂದೆ ಮಗನನ್ನು ಮೂಲೆಗೆ ಕೂರಿಸದೆ ಅಂಗಸಾಧನೆಗೆ ಹುರಿದುಂಬಿಸಿದರು. 1901ರಲ್ಲಿ, 42ನೆಯ ವಯಸ್ಸಿಗೆ, ಅವರು ತಮ್ಮ ದೇಶದ ಅಧ್ಯಕ್ಷರಾದರು. ವ್ಯಾಯಾಮದಿಂದಲೇ ಉಬ್ಬಸ ಹೋಗುತ್ತದೆಂದು ಇದರ ಅರ್ಥವಲ್ಲ. ಇಂದು ಅದನ್ನು ಹತೋಟಿಯಲ್ಲಿಡಲು ಬಾಯಿಂದ ಒಳಗೆಳೆದುಕೊಳ್ಳುವ ಔಷಧಿಗಳಿವೆ, ಅವನ್ನು ವೈದ್ಯರು ಹೇಳಿದಂತೆ ಬಿಡದೆ ಬಳಸಬೇಕು. ಮಗುವಿನ ಕಾಯಿಲೆಯನ್ನು ಆ ತಂದೆ ಮಗುವಿನ ಹಣೆಬರಹವೆಂದು ಬಗೆಯಲಿಲ್ಲ ಎಂಬುದಷ್ಟೇ ಇಲ್ಲಿ ನಮಗೆ ಮುಖ್ಯ.

ಆದ್ದರಿಂದ ‘ಸಿಕ್‌ಲಿ’ಯ ಅರ್ಥವನ್ನು ಮಕ್ಕಳಿಗೆ ಅವಶ್ಯವಾಗಿ ಕಲಿಸೋಣ, ಪರೀಕ್ಷೆಯಲ್ಲಿ ಅದು ಬೇಕಾದೀತು. ಮನೆಯವರ ವಿಷಯದಲ್ಲಿ ಮಾತ್ರ ‘ಇವಳು ರೋಗಿಷ್ಠೆ’ ಎನ್ನುವ ಬದಲು ‘ಇವಳಿಗೆ ಏನು ತೊಂದರೆ, ಯಾವಾಗಿನಿಂದ?’ ಎಂದು ಕೇಳುವ ಅಭ್ಯಾಸ ನಮ್ಮದಾಗಲಿ. ವೈದ್ಯರು ಮೊದಲು ಕೇಳುವುದೂ ಅದನ್ನೇ.