ಕೂಗುವವೂ ಸುಮ್ಮನಿರುವವೂ

ಮಕ್ಕಳು ಶಾಲೆಯಲ್ಲಿ ಕಲಿಯುವ ಪೈಥಾನ್ ಭಾಷೆಯನ್ನು ತಾವೂ ಕಲಿತು, ಮನೆಯ ಜಮಾಖರ್ಚನ್ನು ಅದರಲ್ಲಿಯೇ ಇಡಬೇಕೆಂದು ಬಯಸುವ ಗೃಹಸ್ಥರುಂಟು. ಎನ್.ಸಿ.ಇ.ಆರ್.ಟಿ.ಯವರ ಹನ್ನೊಂದನೆಯ ತರಗತಿಯ ಗಣಕವಿಜ್ಞಾನದ ಪುಸ್ತಕದಲ್ಲಿ ಇದೇ ಭಾಷೆಯ ಪಾಠವಿರುವುದರಿಂದ, ಅಂಥವರು ಪುಸ್ತಕವನ್ನು ಹುಡುಕಿಕೊಂಡು ದೂರ ಹೋಗಬೇಕಾದುದಿಲ್ಲ. ಹಾಲೆಂಡಿನ ಗೀಡೋ ವಾನ್ ರಾಸಮ್ ಎಂಬವರು 1991ರಲ್ಲಿ ಹೊರತಂದ ಈ ಭಾಷೆಯಲ್ಲಿ, ನಾವು ಏನನ್ನೂ ಬರೆಯುವುದಕ್ಕೆ ಮುಂಚೆಯೇ ಸಿದ್ಧವಾಗಿರುವ ಕೆಲವು ಸಾಧನಗಳಿವೆ. ಇವಕ್ಕೆ ಬಿಲ್ಟ್-ಇನ್ ಫಂಕ್ಷನ್‌ಗಳೆಂದು ಹೆಸರು. ಹೆಸರನ್ನು ಬರೆದು, ಮುಂದಿನ ಆವರಣದೊಳಗೆ ಅಂಕಿಯನ್ನೋ ಪದವನ್ನೋ ಇಟ್ಟರೆ, ಫಂಕ್ಷನ್ನು ತನ್ನ ಕೆಲಸವನ್ನು ಮಾಡಿ ಫಲವನ್ನು ನಮಗೆ ಒಪ್ಪಿಸುವುದು.

ಇಂಥವು ಸುಮಾರು 70 ಇವೆ. ಎಲ್ಲವನ್ನೂ ಬಾಯಿಪಾಠ ಮಾಡಹೊರಡುವುದು ವ್ಯರ್ಥಶ್ರಮವೆಂದೇ ನಮ್ಮ ಅಭಿಪ್ರಾಯ. ತೋರಿಸುವುದಕ್ಕೆ ಪ್ರಿಂಟ್, ಕೇಳಿ ಪಡೆಯುವುದಕ್ಕೆ ಇನ್‌ಪುಟ್, ಎಣಿಸುವುದಕ್ಕೆ ಲೆನ್, ಕೂಡುವುದಕ್ಕೆ ಸಮ್, ಹೆಚ್ಚು ಕಡಮೆಗಳಿಗೆ ಮ್ಯಾಕ್ಸ್ ಮತ್ತು ಮಿನ್, ಕ್ರಮದಲ್ಲಿ ಜೋಡಿಸುವುದಕ್ಕೆ ಸಾರ್ಟೆಡ್, ಇವುಗಳೊಡನೆ ಇಂಟ್, ರೌಂಡ್, ಟೈಪ್, ಇಷ್ಟಿದ್ದರೆ ಮನೆಯ ಲೆಕ್ಕ ನಡೆಯುವುದು. (ಯಂತ್ರದಲ್ಲಿ ಇವನ್ನು ರೋಮನ್ ಲಿಪಿಯ ಸಣ್ಣಕ್ಷರಗಳಲ್ಲಿಯೇ ಬರೆಯಬೇಕು.) ಹೆಸರುಗಳನ್ನು ಕಲಿಯಲು ಒಂದು ಸಂಜೆ ಸಾಕು, ತಿಳಿಯತಕ್ಕದ್ದು ಅವುಗಳ ಸ್ವಭಾವ. ಸಲ್ಲದ ಪದಾರ್ಥವನ್ನು ಕೊಟ್ಟಾಗ ಕೆಲವು ಒಡನೆಯೇ ಕೂಗಿ ಕೆಲಸವನ್ನು ನಿಲ್ಲಿಸುವುವು. ಮತ್ತೆ ಕೆಲವು ಚಕಾರವೆತ್ತದೆ ತಪ್ಪು ಉತ್ತರವನ್ನು ಕೈಗಿಡುವುವು. ಹಣದ ವಿಷಯದಲ್ಲಿ ಎರಡನೆಯ ಬಗೆಯೇ ಹೆಚ್ಚು ಅಪಾಯಕರವಾದುದು.

ಮೂರು ದಿನಗಳ ತರಕಾರಿಯ ಖರ್ಚು 95, 120, 80 ರೂಪಾಯಿಗಳೆಂದಿಟ್ಟುಕೊಳ್ಳೋಣ. ಇವನ್ನು ಇನ್‌ಪುಟ್‌ನ ಮೂಲಕ ಒಂದೊಂದಾಗಿ ಪಡೆದು ಪಟ್ಟಿಯಲ್ಲಿ ಸೇರಿಸಿ, ಮ್ಯಾಕ್ಸ್‌ನ ಮುಂದಿಟ್ಟರೆ, ಅತಿ ದೊಡ್ಡದು 95 ಎಂದು ಉತ್ತರ ಬರುವುದು! ಮಿನ್ ಅನ್ನು ಕೇಳಿದರೆ ಅತಿ ಚಿಕ್ಕದು 120. ಯಂತ್ರಕ್ಕೆ ಮಂಕು ಹಿಡಿದುದಲ್ಲ. ಇನ್‌ಪುಟ್ ಯಾವಾಗಲೂ ಅಕ್ಷರಗಳ ಸಾಲನ್ನೇ ತಂದುಕೊಡುವುದು, ಅಂಕಿಯನ್ನಲ್ಲ. ಅಕ್ಷರಗಳ ಸಾಲುಗಳನ್ನು ನಿಘಂಟಿನ ಪದಗಳಂತೆ ಮೊದಲ ಅಕ್ಷರದಿಂದ ಹೋಲಿಸುವರಷ್ಟೆ. 9 ಎಂಬುದು 1ಕ್ಕಿಂತ ಮುಂದಿನದಾದುದರಿಂದ 95 ಗೆದ್ದಿತು. ಅದೇ ಪಟ್ಟಿಯನ್ನು ಸಮ್‌ಗೆ ಒಪ್ಪಿಸಿದರೋ, ಅಂಕಿಗೂ ಅಕ್ಷರಕ್ಕೂ ಕೂಡಿಕೆ ಸಲ್ಲದೆಂದು ಅದು ಕೂಗಿ ನಿಂತುಬಿಡುವುದು. ಹೊಸಬರು ಈ ಕೂಗಿಗೆ ಬೆದರುವರು. ನಮಗಾದರೋ ಸಮ್‌ನ ಮೇಲೆಯೇ ಹೆಚ್ಚು ವಿಶ್ವಾಸ. ಪ್ರತಿಯೊಂದನ್ನೂ ಇಂಟ್‌ನಿಂದ ಅಂಕಿಯಾಗಿ ಮಾಡಿಕೊಂಡರೆ ಮೊತ್ತ 295, ದೊಡ್ಡದು 120 ಎಂದು ಸರಿಯಾಗುವುದು. ಪ್ರಿಂಟ್‌ನಿಂದ 95 ಎಂಬ ಒಂದನ್ನೇ ತೋರಿಸಿದಾಗ ಅಂಕಿಗೂ ಅಕ್ಷರಕ್ಕೂ ಕಣ್ಣಿಗೆ ಭೇದ ಕಾಣದು. ಸಂದೇಹ ಬಂದಲ್ಲಿ ಟೈಪ್ ಅನ್ನು ಕೇಳಬೇಕು. ಇಲ್ಲಿ ಒಂದು ಸಂತೋಷದ ಮಾತು: ೧೨೫ ಎಂದು ಕನ್ನಡದ ಅಂಕಿಗಳಲ್ಲಿಯೇ ಕೊಟ್ಟರೂ ಇಂಟ್ ಅದನ್ನು ಅರಿತು ನೂರ ಇಪ್ಪತ್ತೈದೆಂದು ಗ್ರಹಿಸುವುದು.

ಲೆನ್‌ಗೆ ಮಾತ್ರ ನಮ್ಮ ಲಿಪಿಯಲ್ಲಿ ಅಷ್ಟು ಪರಿಚಯ ಸಾಲದು. ‘ಕನ್ನಡ’ ಎಂಬ ಪದದಲ್ಲಿ ಮೂರು ಅಕ್ಷರಗಳೆಂದು ಮಗುವೂ ಬಲ್ಲದು, ಲೆನ್ ಐದೆನ್ನುವುದು. ಒತ್ತಕ್ಷರದ ಒಳಗಿರುವ ಎರಡು ನಕಾರಗಳನ್ನೂ ಅವುಗಳ ನಡುವಣ ವಿರಾಮಚಿಹ್ನೆಯನ್ನೂ ಅದು ಬೇರೆಬೇರೆಯಾಗಿ ಎಣಿಸುವುದೇ ಇದಕ್ಕೆ ಕಾರಣ.

ಇನ್ನು ರೌಂಡ್. ಸ್ವಸಹಾಯ ಸಂಘದ ಲೆಕ್ಕ ಬರೆಯುವ ಗೃಹಿಣಿಯರು ಇದನ್ನು ವಿಶೇಷವಾಗಿ ಗಮನಿಸಬೇಕು. ಅರ್ಧವಿದ್ದರೆ ಮೇಲಕ್ಕೆ ಏರಿಸಬೇಕೆಂದು ನಾವೆಲ್ಲ ಶಾಲೆಯಲ್ಲಿ ಕಲಿತೆವು. ರೌಂಡ್ ಹಾಗೆ ಮಾಡದು. ಸರಿಯಾಗಿ ಅರ್ಧವಿದ್ದಾಗ ಸಮಸಂಖ್ಯೆಯ ಕಡೆಗೆ ಸರಿಯುವುದು. 12.5ಕ್ಕೆ 12, 13.5ಕ್ಕೆ 14. ಬಗೆಬಗೆಯ ಮೊತ್ತಗಳು ಸೇರಿದಾಗ ಏರಿಳಿತಗಳು ಸರಿದೂಗಲೆಂದು ಈ ಏರ್ಪಾಡು. ಆದರೆ 20 ಮಂದಿ ಸದಸ್ಯೆಯರಿಗೆ ತಲಾ 12 ರೂಪಾಯಿ 50 ಪೈಸೆ ಬಡ್ಡಿ ಬರಬೇಕಾಗಿದ್ದು, ಪ್ರತಿಯೊಬ್ಬರದನ್ನೂ ರೌಂಡ್‌ಗೆ ಕೊಟ್ಟರೆ, 250 ರೂಪಾಯಿಯ ಬದಲು 240 ಮಾತ್ರ ಹಂಚಲ್ಪಡುವುದು. ಶಾಲೆಯ ಕ್ರಮದಂತೆ ಏರಿಸಿದರೂ 260 ಆಗಿ ಬೊಕ್ಕಸಕ್ಕೆ ಹತ್ತು ರೂಪಾಯಿ ನಷ್ಟ. ಹತ್ತು ರೂಪಾಯಿ ಅಲ್ಪವೇ. ಆದರೆ ಲೆಕ್ಕ ಬರೆದಾಕೆಯ ಮೇಲೆ ಬೀಳುವ ನೋಟ ಅಲ್ಪವಾದುದಲ್ಲ. ಹಣವನ್ನೆಲ್ಲ ಮೊದಲಿನಿಂದಲೂ ಪೈಸೆಗಳಲ್ಲಿ, ಎಂದರೆ 1250 ಎಂದು ಪೂರ್ಣಾಂಕವಾಗಿ ಇಟ್ಟುಕೊಂಡರೆ, ಇಂಥಲ್ಲಿ ರೌಂಡ್‌ನ ಗೊಡವೆಯೇ ಬೇಡ.

ಕಡೆಗೊಂದು ಎಚ್ಚರಿಕೆ. ಮೊತ್ತವನ್ನು ಇಡುವುದಕ್ಕೆ ‘ಸಮ್’ ಎಂಬ ಹೆಸರನ್ನೇ ಇಟ್ಟು, ಅದಕ್ಕೆ ಸೊನ್ನೆಯನ್ನು ತುಂಬುವ ಅಭ್ಯಾಸ ಹಲವರಿಗುಂಟು. ಭಾಷೆ ಇದನ್ನು ತಡೆಯದು. ಹತ್ತು ಸಾಲುಗಳ ಕೆಳಗೆ ಸಮ್‌ನಿಂದ ಕೂಡಿಸಹೊರಟಾಗ, ಇದು ಅಂಕಿ, ಇದನ್ನು ಕರೆಯಲಾಗದು ಎಂಬ ಕೂಗು ಏಳುವುದು. ಕೂಗು ಎದ್ದ ಸಾಲಿನಲ್ಲಿ ಎಷ್ಟು ಹುಡುಕಿದರೂ ತಪ್ಪು ಸಿಕ್ಕದು. ‘ಮೊತ್ತ’ ಎಂಬ ನಮ್ಮ ಪದವನ್ನೇ ಹೆಸರಾಗಿ ಇಡಬಹುದು. ಪೈಥಾನ್ ಕನ್ನಡದ ಹೆಸರನ್ನೂ ಒಪ್ಪುವುದು. ಈಗಾಗಲೇ ಸಮ್‌ಗೆ ಸೊನ್ನೆ ತುಂಬಿದವರು ಡೆಲ್ ಎಂಬ ಪದದ ಮುಂದೆ ಸಮ್ ಎಂದು ಒಂದು ಸಾಲು ಬರೆದರೆ, ಹಳೆಯ ಸಮ್ ಮರಳಿ ಬರುವುದು. ರೇಂಜ್‌ನ ವಿಚಾರವನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇವೆ.